ರಿಪೇರಿ ಅಂಗಡಿಯಲ್ಲಿ ಕುಶಾಲಿಗೆ ಮಿತಿ ಎಲ್ಲಿ? ಗಿರಾಕಿಗಳ ನಂಬಿಕೆ ಗಳಿಸುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಉಪ್ಪಳ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಮಿಕ್ಸಿ, ಫ್ಯಾನು, ಪಂಪು, ಇನ್ವರ್ಟರ್ ರಿಪೇರಿಯ ಸಣ್ಣ ಅಂಗಡಿ ತೆರೆದಿರುವ ಯುವಕರು ಪದೇ ಪದೇ ಕೇಳುವ ಪ್ರಶ್ನೆಗಳು ಎರಡು. ಅಂಗಡಿಯ ಹುಡುಗರು ಗಿರಾಕಿಗಳೊಂದಿಗೆ ಕುಶಾಲು ಮಾಡಿದರೆ ಸುಮ್ಮನಿರಬಹುದೇ, ತಡೆಯಬೇಕೇ ಎಂಬುದು ಒಂದು. ಕೆಲಸವನ್ನು ಸರಿಯಾಗಿಯೇ ಮಾಡಿಕೊಟ್ಟರೂ ಗಿರಾಕಿಗಳು ಸಂಶಯದಿಂದ ನೋಡುತ್ತಾರೆ, ಏನು ಮಾಡಲಿ ಎಂಬುದು ಇನ್ನೊಂದು. ಇವೆರಡಕ್ಕೂ ಸಂಬಂಧವಿಲ್ಲವೆಂದು ಕೇಳುವವರು ತಿಳಿದಿರುತ್ತಾರೆ. ನನ್ನ ಮಟ್ಟಿಗೆ ಎರಡರ ಬೇರೂ ಒಂದೇ ಆಗಿರುವುದರಿಂದ ಉತ್ತರವನ್ನು ಒಟ್ಟಿಗೇ ಬರೆಯುತ್ತಿದ್ದೇನೆ.

ತರಕಾರಿ ಕೊಳ್ಳುವವರು ಬೆಂಡೆಕಾಯಿಯ ತುದಿ ಮುರಿದು ನೋಡಿ ಎಳೆಯದೋ ಬಲಿತದ್ದೋ ಎಂದು ತಾವೇ ತಿಳಿದುಕೊಳ್ಳುತ್ತಾರೆ. ನಿಮ್ಮ ಅಂಗಡಿಗೆ ಮೋಟರು ತಂದುಕೊಟ್ಟವರಿಗೆ ಆ ಅನುಕೂಲವಿಲ್ಲ. ಅದರ ವೈಂಡಿಂಗ್, ಅಂದರೆ ಒಳಗೆ ಸುತ್ತಿದ ತಂತಿ, ನಿಜವಾಗಿಯೂ ಸುಟ್ಟಿತ್ತೇ ಎಂಬುದು ಅವರಿಗೆ ಕೆಲಸಕ್ಕೆ ಮೊದಲೂ ಗೊತ್ತಿರುವುದಿಲ್ಲ, ಹಣ ಕೊಟ್ಟು ಮನೆಗೆ ಒಯ್ದು ನೀರು ಹಾಯಿಸಿದ ಮೇಲೂ ಗೊತ್ತಾಗುವುದಿಲ್ಲ. ಬಳಸಿದ ನಂತರವೂ ಗುಣ ಅಳೆಯಲಾಗದ ಇಂಥ ಸೇವೆಗಳು ಪ್ರತ್ಯೇಕ ವರ್ಗವೆಂದು ಅರ್ಥಶಾಸ್ತ್ರಜ್ಞರಾದ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬವರು 1973ರಲ್ಲಿಯೇ ಗುರುತಿಸಿದ್ದರು. ಇಂಥ ಕೆಲಸದಲ್ಲಿ ಗಿರಾಕಿಗಳ ಕೈಯಲ್ಲಿರುವುದು ನಿಮ್ಮ ಮಾತು ಮಾತ್ರ. ತಮಾಷೆಗೆ ಸುಳ್ಳು ಹೇಳುವ ಬಾಯಿಯೂ ಲೆಕ್ಕ ಹೇಳುವ ಬಾಯಿಯೂ ಒಂದೇ ಆದಾಗ, ಯಾವುದು ತಮಾಷೆ, ಯಾವುದು ಲೆಕ್ಕ ಎಂದು ಬೇರ್ಪಡಿಸುವ ಹೊರೆಯನ್ನು ನಾವು ಅವರ ತಲೆಯ ಮೇಲೆ ಹಾಕಿದಂತಾಗುತ್ತದೆ. ಆದುದರಿಂದ ಅಂಗಡಿಯಲ್ಲಿ ನಗು ಇರಲಿ. ಆದರೆ ಅದು ಯಾವ ವಿಷಯವನ್ನು ಮುಟ್ಟಬಾರದು ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಕಾರ್ಬನ್ ಪ್ರತಿ ಬರುವ ಒಂದು ಜಾಬ್ ಕಾರ್ಡ್ ಪುಸ್ತಕ (ಸಾಮಾನು ಪಡೆಯುವಾಗ ಅದರ ವಿವರ ಬರೆದು ಗಿರಾಕಿಗೆ ಒಂದು ಪ್ರತಿ ಕೊಡುವ ಚೀಟಿಯ ಪುಸ್ತಕ), ದಾರ ಕಟ್ಟಿದ ನಂಬರ್ ಚೀಟಿಗಳು, ಕಳಚಿದ ಹಳೆಯ ಭಾಗಗಳನ್ನು ಹಾಕಿಡಲು ಲಕೋಟೆಗಳು, ಗೋಡೆಗೆ ತೂಗುಹಾಕುವ ದರಪಟ್ಟಿ, ಅಂಗಡಿಗೆಂದೇ ಮೀಸಲಾದ ಒಂದು ಮೊಬೈಲ್ ಸಂಖ್ಯೆ. ಪಂಪಿನ ಕೆಲಸ ಮಾಡುವವರಾದರೆ ಮೆಗ್ಗರ್ ಹೇಗೂ ಇರುತ್ತದೆ. ತಂತಿಯ ಮೇಲಿನ ಹೊದಿಕೆಯಿಂದ ಕರೆಂಟ್ ಸೋರುತ್ತಿದೆಯೇ ಎಂದು ಅಳೆಯುವ ಆ ಉಪಕರಣಕ್ಕೆ ಇಲ್ಲಿ ಇನ್ನೊಂದು ಉಪಯೋಗವೂ ಇದೆ.

ಹಂತ 1: ತಮಾಷೆ ಮುಟ್ಟಬಾರದ ವಿಷಯಗಳನ್ನು ನಿಗದಿ ಮಾಡಿ

ಮೂರು ವಿಷಯಗಳಲ್ಲಿ ಯಾವ ಕಾರಣಕ್ಕೂ ಕುಶಾಲು ಸಲ್ಲದು: ಸಾಮಾನಿನ ಸ್ಥಿತಿ, ಹಣ, ಸಮಯ. "ನಿಮ್ಮ ಮೋಟರು ಪೂರ್ತಿ ಸುಟ್ಟುಹೋಗಿದೆ ಭಟ್ರೇ, ಇನ್ನು ಗುಜರಿಗೇ" ಎಂದು ಫೋನಿನಲ್ಲಿ ಹೇಳಿ, ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿದ ಮೇಲೆ "ಇಲ್ಲ, ಇಲ್ಲ, ರೆಡಿಯಾಗಿದೆ, ಬನ್ನಿ" ಎಂದು ನಗುವ ಅಭ್ಯಾಸ ಹಲವು ಅಂಗಡಿಗಳಲ್ಲಿದೆ. ಹೇಳುವವರಿಗೆ ಅದು ಸಲುಗೆ. ಕೇಳುವವರ ತೋಟದಲ್ಲಿ ಮಾರ್ಚ್ ತಿಂಗಳ ಬಿಸಿಲಿಗೆ ಅಡಿಕೆ ಮರಗಳು ಒಣಗುತ್ತಿರುತ್ತವೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಹಿರಿಯರು ಹೇಳುವುದು ಇಂಥದನ್ನೇ. ಆ ಗಿರಾಕಿ ಅರೆಗಳಿಗೆಯಲ್ಲಿ ಫೋನಿಟ್ಟು, ನಿಮ್ಮ ಎರಡನೆಯ ವಾಕ್ಯ ಕೇಳುವ ಮೊದಲೇ, ಪುತ್ತೂರಿನ ಅಂಗಡಿಗೆ ಕರೆ ಮಾಡಿ ಹೊಸ ಪಂಪಿಗೆ ಹೇಳಿಬಿಟ್ಟರೆ ಆ ನಷ್ಟಕ್ಕೆ ಹೊಣೆ ಯಾರು?

ಯಾವ ತಮಾಷೆ ಸರಿ, ಯಾವುದು ತಪ್ಪು ಎಂದು ಹುಡುಗರಿಗೆ ತಿಳಿಸಿಕೊಡಲು ಒಂದೇ ಪ್ರಶ್ನೆ ಸಾಕಾಗುತ್ತದೆ. ಈ ಮಾತನ್ನು ನಿಜವೆಂದು ನಂಬಿ ಎದುರಿನವರು ಏನಾದರೂ ನಿರ್ಧಾರ ಮಾಡಬಹುದೇ? ಹೌದಾದರೆ ಆ ಮಾತು ಬೇಡ. ಪರಿಚಿತರೊಬ್ಬರ ಹೊಸ ಮೀಸೆಯ ಬಗ್ಗೆಯೋ ನಿನ್ನೆಯ ಕ್ರಿಕೆಟ್ ಪಂದ್ಯದಲ್ಲಿ ಅವರ ತಂಡ ಸೋತದ್ದರ ಬಗ್ಗೆಯೋ ಆಡುವ ಮಾತಿನಿಂದ ಯಾರೂ ಏನನ್ನೂ ನಿರ್ಧರಿಸುವುದಿಲ್ಲ, ಅವರೂ ಜೊತೆಗೆ ನಗುತ್ತಾರೆ. ಬಿಲ್ಲಿನಲ್ಲಿ ಒಂದು ಸೊನ್ನೆ ಹೆಚ್ಚು ಬರೆದು ತೋರಿಸುವುದು ಹಾಗಲ್ಲ. ಅದನ್ನು ಕಂಡು ಬೆಚ್ಚಿ ಬಿದ್ದವರು ಆಮೇಲೆ ನಕ್ಕರೂ, ಮುಂದಿನ ಸಲ ನೀವು ನಿಜವಾದ ದೊಡ್ಡ ಮೊತ್ತವನ್ನೇ ಹೇಳಿದಾಗ "ಕುಶಾಲು ಮಾಡಬೇಡಿ, ಸರಿಯಾಗಿ ಹೇಳಿ" ಎನ್ನುತ್ತಾರೆ. ಆಗ ನಿಮ್ಮ ನ್ಯಾಯವಾದ ದರವೂ ಚೌಕಾಸಿಯ ವಸ್ತುವಾಗುತ್ತದೆ. ಏಪ್ರಿಲ್ 1ರಂದು ಕೂಡ ಈ ನಿಯಮ ಸಡಿಲವಾಗಬಾರದು.

ಎಚ್ಚರಿಕೆ: ಹಳೆಯ ಗಿರಾಕಿ, ಸಲುಗೆಯವರು, ಏನೂ ಅಂದುಕೊಳ್ಳುವುದಿಲ್ಲ ಎಂಬ ಸಮಾಧಾನ ಬಹಳ ಅಂಗಡಿಗಳನ್ನು ತಪ್ಪಿಸುತ್ತದೆ. ಪಕ್ಕದ ಬೆಂಚಿನಲ್ಲಿ ಮೊದಲ ಬಾರಿ ಬಂದು ಕುಳಿತವರೊಬ್ಬರು ಎಲ್ಲವನ್ನೂ ಕೇಳುತ್ತಿರುತ್ತಾರೆ. ನಿಮ್ಮಿಬ್ಬರ ಸಲುಗೆ ಅವರಿಗೆ ತಿಳಿಯದು. ಈ ಅಂಗಡಿಯಲ್ಲಿ ಹಣದ ವಿಷಯದಲ್ಲಿ ಸುಳ್ಳು ಹೇಳುತ್ತಾರೆ ಎಂಬುದಷ್ಟೇ ಅವರಿಗೆ ತಿಳಿಯುತ್ತದೆ.

ಹಂತ 2: ಅಂಗಡಿಯೊಳಗಿನ ಕೀಟಲೆಯನ್ನು ಅಪಾಯದಿಂದ ದೂರವಿಡಿ

ಕೆಲಸ ಕಲಿಯಲು ಬಂದ ಹೊಸ ಹುಡುಗನನ್ನು ಇಲ್ಲದ ಉಪಕರಣ ತರಲು ಪಕ್ಕದ ಅಂಗಡಿಗೆ ಕಳುಹಿಸುವ ಪದ್ಧತಿ ಎಲ್ಲ ಕಸುಬುಗಳಲ್ಲಿಯೂ ಇದೆ. ಎಡಗೈಯವರ ಸ್ಕ್ರೂಡ್ರೈವರ್ ಕೇಳಿಕೊಂಡು ಹೋಗಿ ನಗುತ್ತಾ ಹಿಂದೆ ಬಂದ ಹುಡುಗ ಅಂದಿನಿಂದ ಬಳಗದವನಾಗುತ್ತಾನೆ, ಅದರಲ್ಲಿ ಕೆಡುಕಿಲ್ಲ. ಆದರೆ ಅದೇ ಹುಡುಗನನ್ನು ವಾರಗಟ್ಟಲೆ ಗುರಿ ಮಾಡಿದರೆ, ಗೊತ್ತಿಲ್ಲದ್ದನ್ನು ಕೇಳಲು ಅವನು ಹೆದರುತ್ತಾನೆ. ಕೇಳಲು ಹೆದರುವ ಕೈಗೆ ಗಿರಾಕಿಗಳ ಸಾಮಾನು ಕೊಡುವುದು ಕ್ಷೇಮವಲ್ಲ.

ಒಂದು ಕೀಟಲೆಯನ್ನು ಮಾತ್ರ ಇಂದೇ ನಿಲ್ಲಿಸಬೇಕು. ಕೆಪಾಸಿಟರನ್ನು ಚಾರ್ಜ್ ಮಾಡಿ "ಹಿಡಿ" ಎಂದು ಹೊಸಬನ ಕಡೆಗೆ ಎಸೆಯುವ ಆಟ ವಿದ್ಯುತ್ ಕೆಲಸದ ಅಂಗಡಿಗಳಲ್ಲಿ ಇನ್ನೂ ಇದೆ. ಕೆಪಾಸಿಟರ್ ಎಂದರೆ ಕರೆಂಟಿನ ಸಂಪರ್ಕ ತೆಗೆದ ಮೇಲೂ ಒಳಗೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಭಾಗ. ನಮ್ಮ ಮನೆಗಳ 230 ವೋಲ್ಟ್ ಎಂಬುದು ಒಂದು ಬಗೆಯ ಸರಾಸರಿ ಲೆಕ್ಕವಾಗಿದ್ದು, ಅಲೆಯ ತುದಿಯಲ್ಲಿ ಅದು ಸುಮಾರು 325 ವೋಲ್ಟ್ ಮುಟ್ಟುತ್ತದೆ. ಕೆಪಾಸಿಟರಿನಲ್ಲಿ ಅಷ್ಟು ಉಳಿದಿರಬಹುದು. ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ (ವಿದ್ಯುತ್ತನ್ನು ಹಿಡಿದಿಡುವ ಸಾಮರ್ಥ್ಯದ ಅಳತೆ) ಕೆಪಾಸಿಟರ್ ಕೈ ಝಾಡಿಸಿದರೆ, ಪಂಪಿನ 100 ಮೈಕ್ರೋಫ್ಯಾರಡ್ ದಾಟಿದ ಸ್ಟಾರ್ಟಿಂಗ್ ಕೆಪಾಸಿಟರ್ ಜೀವಕ್ಕೇ ಸಂಚಕಾರ ತರಬಲ್ಲದು. ಕಳಚಿದ ಯಾವ ಕೆಪಾಸಿಟರನ್ನಾದರೂ ಟೆಸ್ಟ್ ಲ್ಯಾಂಪಿನ ಬಲ್ಬಿನ ಮೂಲಕ ಖಾಲಿ ಮಾಡಿಯೇ ಮೇಜಿನ ಮೇಲೆ ಇಡಬೇಕೆಂಬುದು ಅಂಗಡಿಯ ಕಟ್ಟುನಿಟ್ಟಿನ ನಿಯಮವಾಗಲಿ.

ಹಂತ 3: ಸಾಮಾನು ಪಡೆಯುವಾಗಲೇ ಬರೆದುಕೊಳ್ಳಿ

ಅಪನಂಬಿಕೆ ಹುಟ್ಟುವುದು ಬಿಲ್ಲಿನ ಸಮಯದಲ್ಲಿ ಎಂದು ತೋರುತ್ತದೆ, ಆದರೆ ಅದರ ಬೀಜ ಬೀಳುವುದು ಸಾಮಾನು ಪಡೆಯುವಾಗ. ಜಾಬ್ ಕಾರ್ಡಿನಲ್ಲಿ ದಿನಾಂಕ, ಕಂಪೆನಿಯ ಹೆಸರು, ಸೀರಿಯಲ್ ನಂಬರ್, ಗಿರಾಕಿ ತಮ್ಮ ಮಾತಿನಲ್ಲೇ ಹೇಳಿದ ದೂರು, ಮೊದಲೇ ಇದ್ದ ಗಾಯಗಳು ಮತ್ತು ಜೊತೆಗೆ ತಂದ ವಸ್ತುಗಳು ಇರಲಿ. ಮಿಕ್ಸಿಯೊಂದಿಗೆ ಎಷ್ಟು ಜಾರ್‌ಗಳು ಬಂದಿವೆ, ಮುಚ್ಚಳ ಇದೆಯೇ, ಹಿಡಿ ಬಿರುಕು ಬಿಟ್ಟಿತ್ತೇ ಎಂಬುದನ್ನೂ ಬರೆಯಿರಿ. "ಮಾಷ್ಟ್ರೇ, ಈ ಬಿರುಕು ಮೊದಲೇ ಇತ್ತಲ್ಲವೇ, ಬರೆದುಕೊಳ್ಳುತ್ತೇನೆ" ಎಂದು ಅವರ ಎದುರೇ ಹೇಳಿ ಬರೆದರೆ ಆಮೇಲೆ ಎರಡು ಮಾತಿಗೆ ಎಡೆಯಿರುವುದಿಲ್ಲ.

ಚೀಟಿಯ ಭಾಷೆ ನಮ್ಮ ಜಿಲ್ಲೆಯಲ್ಲಿ ಸಣ್ಣ ವಿಷಯವಲ್ಲ. ತುಳು, ಮಲಯಾಳ, ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ ಮನೆಮಾತಿನವರೆಲ್ಲ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ರಾಜ್ಯ ವಿಂಗಡಣೆಯ ಬಳಿಕವೂ ಕನ್ನಡ ಶಾಲೆಗಳಲ್ಲೇ ಓದಿ ಬೆಳೆದು, ಮಲಯಾಳ ಮಾತನಾಡಬಲ್ಲವರಾಗಿಯೂ ಅದನ್ನು ಓದಲು ಬಾರದ ಹಿರಿಯರು ಮಂಜೇಶ್ವರ, ಎಣ್ಮಕಜೆ ಕಡೆ ಅನೇಕರಿದ್ದಾರೆ. ಗಿರಾಕಿ ಓದಬಲ್ಲ ಭಾಷೆಯಲ್ಲಿ ಬರೆದುಕೊಡಿ. ಅಂಗಡಿಯವರಿಗೆ ಬಾರದ ಲಿಪಿಯಾದರೆ ಮುಖ್ಯ ವಿವರಗಳನ್ನು ಓದಿಹೇಳಿ. ಇದರ ಜೊತೆಗೇ ಇನ್ನೊಂದು ಎಚ್ಚರಿಕೆ: ಗಿರಾಕಿಗೆ ತಿಳಿಯದೆಂದು ಭಾವಿಸಿ ಬೇರೆ ಭಾಷೆಯಲ್ಲಿ ಅವರ ಬಗ್ಗೆ ತಮ್ಮತಮ್ಮಲ್ಲೇ ನಗೆಯಾಡುವುದು ಅಕ್ಷಮ್ಯ. ಮೂರು ನಾಲ್ಕು ಭಾಷೆ ಅರ್ಥವಾಗದವರು ಈ ನೆಲದಲ್ಲಿ ವಿರಳ. ಒಬ್ಬರ ಉಚ್ಚಾರವನ್ನು ಅಣಕಿಸುವುದು, ಜಾತಿ, ಮತ, ಮೈಕಟ್ಟುಗಳನ್ನು ಹಿಡಿದು ಹಾಸ್ಯ ಮಾಡುವುದು ಕುಶಾಲಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಹಂತ 4: ಮೊದಲು ತಪಾಸಣೆ, ಅನಂತರ ಅಂದಾಜು, ಒಪ್ಪಿಗೆಯ ಮೇಲೆ ಕೆಲಸ

ತಪಾಸಣೆಗೆ ಒಂದು ನಿಗದಿತ ಮೊತ್ತ ಇರಲಿ, ಅದು ದರಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತಿರಲಿ. ತಪಾಸಣೆಗೆ ಹಣ ಕೇಳಲು ಸಂಕೋಚಪಡುವ ಮೆಕ್ಯಾನಿಕ್ ಆ ನಷ್ಟವನ್ನು ಇಲ್ಲದ ದೋಷದ ಹೆಸರಿನಲ್ಲಿ ತುಂಬಿಕೊಳ್ಳುವ ಆಸೆಗೆ ಬೀಳುತ್ತಾನೆ, ಅಪ್ರಾಮಾಣಿಕತೆ ಎಷ್ಟೋ ಕಡೆ ಹೀಗೆ ಸಂಕೋಚದಿಂದಲೇ ಶುರುವಾಗುತ್ತದೆ.

ಮಿಕ್ಸಿಯ ಉದಾಹರಣೆ ತೆಗೆದುಕೊಳ್ಳಿ. ಹೆಚ್ಚಿನ ಮಿಕ್ಸಿಗಳ ಅಡಿಯಲ್ಲಿ ಒಂದು ಸಣ್ಣ ಗುಂಡಿ, ಸಾಮಾನ್ಯವಾಗಿ ಕೆಂಪು ಬಣ್ಣದ್ದು, ಇರುತ್ತದೆ. ಗಟ್ಟಿ ಹಿಟ್ಟು ಅರೆಯುವಾಗ ಮೋಟರಿನ ಮೇಲೆ ಮಿತಿಮೀರಿದ ಹೊರೆ ಬಿದ್ದರೆ ಅದು ತಾನಾಗಿ ಹೊರಬಂದು ಕರೆಂಟ್ ಕಡಿಯುತ್ತದೆ. ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಒತ್ತಿದರೆ ಮಿಕ್ಸಿ ಮೊದಲಿನಂತೆ ತಿರುಗುತ್ತದೆ. ಅದನ್ನು ತಿಳಿಯದೆ ಹಾಳಾಯಿತೆಂದು ತಂದವರ ಎದುರು ನಿಮಗೆ ಮೂರು ದಾರಿಗಳಿವೆ. ಒಳಗಿಟ್ಟುಕೊಂಡು, ಸಂಜೆ ಬನ್ನಿ ಎಂದು, ಮೋಟರಿನ ಕೆಲಸ ಮಾಡಿದೆ ಎನ್ನಬಹುದು, ಅದು ಮೋಸ. ಮಂತ್ರ ಹಾಕಿದಂತೆ ನಟಿಸಿ, ಅವರಿಗೆ ಕಾಣದಂತೆ ಒತ್ತಿ, ಬೆರಗುಗೊಳಿಸಬಹುದು. ಹುಡುಗರಿಗೆ ಇಷ್ಟವಾಗುವುದು ಇದು, ಆದರೆ ಗಿರಾಕಿಯ ಅಜ್ಞಾನವನ್ನು ಹಾಗೆಯೇ ಉಳಿಸಿ ಕಳುಹಿಸಿದಂತಾಯಿತು. "ಅಕ್ಕಾ, ಇಲ್ಲಿ ನೋಡಿ, ಇದೊಂದು ಗುಂಡಿ. ಮುಂದಿನ ಸಲ ನಿಂತರೆ ತಣಿದ ಮೇಲೆ ನೀವೇ ಒತ್ತಿ, ಅಷ್ಟಕ್ಕೂ ಆಗದಿದ್ದರೆ ತನ್ನಿ" ಎಂದು ಅವರ ಬೆರಳಿನಿಂದಲೇ ಒತ್ತಿಸಬಹುದು. ಈ ಮೂರನೆಯದೇ ಸರಿ. ತಪಾಸಣೆಯ ಹಣ ಪಡೆಯುವುದೋ ಬಿಡುವುದೋ ನಿಮ್ಮ ಇಷ್ಟ, ಪಡೆದರೂ ತಪ್ಪಲ್ಲ.

ಕೆಲವೊಮ್ಮೆ ಗಿರಾಕಿಗಳೇ ಮೆಕ್ಯಾನಿಕ್‌ನನ್ನು ಪರೀಕ್ಷಿಸಲು ಸರಿಯಿರುವ ಫ್ಯಾನಿನ ಒಂದು ವಯರನ್ನು ಬೇಕೆಂದೇ ಕಳಚಿ ತರುವುದುಂಟು. ತಿಳಿದುಬಂದರೆ ಸಿಟ್ಟಾಗಬೇಡಿ. ಬೇರೆಲ್ಲೋ ಮೋಸ ಹೋದವರು ಹೀಗೆ ಮಾಡುತ್ತಾರೆ. ಕಂಡದ್ದನ್ನು ಕಂಡಂತೆ ಚೀಟಿಯಲ್ಲಿ ಬರೆದು, ತಪಾಸಣೆಯ ದರವನ್ನಷ್ಟೇ ಪಡೆದು ಕೊಟ್ಟುಕಳುಹಿಸಿ.

ಅಂದಾಜು ಕೊಡುವಾಗ ಬಿಡಿಭಾಗದ ಬೆಲೆಯನ್ನೂ ಕೂಲಿಯನ್ನೂ ಬೇರೆ ಬೇರೆಯಾಗಿ ಹೇಳಬೇಕು. ಬಿಚ್ಚಿದ ಮೇಲೆ ಬೇರೆ ದೋಷ ಕಂಡರೆ ಕೆಲಸ ನಿಲ್ಲಿಸಿ, ಕರೆ ಮಾಡಿ, ಒಪ್ಪಿಗೆ ಪಡೆದು ಮುಂದುವರಿಯಬೇಕು. ಪಂಪಿನ ವೈಂಡಿಂಗ್‌ನಲ್ಲಿ ಇನ್ನೂ ಎರಡು ವಿಷಯಗಳನ್ನು ಬಾಯಿಬಿಟ್ಟು ಹೇಳಲೇಬೇಕು. ಹೊಸದಾಗಿ ಸುತ್ತುವುದು ತಾಮ್ರದ ತಂತಿಯೋ ಅಲ್ಯೂಮಿನಿಯಮ್ ತಂತಿಯೋ ಎಂಬುದು ಒಂದು, ತಾಮ್ರದ ದರ ಪಡೆದು ಅಲ್ಯೂಮಿನಿಯಮ್ ಸುತ್ತುವುದು ಈ ಕಸುಬಿಗೆ ಅಂಟಿದ ಹಳೆಯ ಕಳಂಕ. ಬಿಚ್ಚಿ ತೆಗೆದ ಸುಟ್ಟ ತಾಮ್ರ ಯಾರಿಗೆ ಸೇರಿದ್ದು ಎಂಬುದು ಇನ್ನೊಂದು. ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆಯಿದೆ, ಅದು ಗಿರಾಕಿಯ ಸೊತ್ತು. ಅಂಗಡಿ ಇಟ್ಟುಕೊಳ್ಳುವುದಾದರೆ ತೂಗಿ, ಅಷ್ಟು ಹಣವನ್ನು ಬಿಲ್ಲಿನಲ್ಲಿ ಕಳೆದು ತೋರಿಸಿ.

ಸಮಯದ ಮಾತೂ ಇಲ್ಲಿಯೇ ಆಗಬೇಕು. ವೈಂಡಿಂಗ್ ಮುಗಿದ ಮೇಲೆ ಹಚ್ಚುವ ವಾರ್ನಿಷ್ ಪೂರ್ತಿ ಒಣಗದೆ ಮೋಟರು ಓಡಿಸಿದರೆ ತೇವಕ್ಕೆ ಅದು ಮತ್ತೆ ಸುಡಬಹುದು, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಂತೂ ಒಣಗುವುದು ಬಹಳ ನಿಧಾನ. "ನಾಳೆ ಬೆಳಿಗ್ಗೆ ಖಂಡಿತ" ಎಂದು ಬಾಯಿಗೆ ಬಂದಂತೆ ಹೇಳುವುದು ತಮಾಷೆಯೂ ಅಲ್ಲ, ಸುಳ್ಳೆಂದು ಹೇಳುವವರಿಗೂ ಅನಿಸುವುದಿಲ್ಲ. ಆದರೆ ನಮ್ಮ ಅಂಗಡಿಗಳ ಮೇಲಿನ ನಂಬಿಕೆಯನ್ನು ಅತಿ ಹೆಚ್ಚು ತಿಂದುಹಾಕಿದ್ದು ಈ ಮಾತೇ ಎಂಬುದು ನನ್ನ ದೃಢ ಅಭಿಪ್ರಾಯ. ಎರಡು ದಿನ ಬೇಕಾದರೆ ಎರಡು ದಿನ ಎನ್ನಿ, ಕಾರಣವನ್ನೂ ಹೇಳಿ.

ಹಂತ 5: ಕಳಚಿದ್ದನ್ನು ತೋರಿಸಿ, ಓಡಿಸಿ ತೋರಿಸಿ

ಬದಲಾಯಿಸಿದ ಪ್ರತಿ ಭಾಗವನ್ನೂ ಜಾಬ್ ಕಾರ್ಡ್ ನಂಬರ್ ಬರೆದ ಲಕೋಟೆಯಲ್ಲಿ ಹಾಕಿ, ಕೇಳುವ ಮೊದಲೇ ಗಿರಾಕಿಯ ಮುಂದಿಡಿ. ಸವೆದು ಮೊಂಡಾದ ಕಾರ್ಬನ್ ಬ್ರಷ್‌ನ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಪಕ್ಕದಲ್ಲಿ ಹೊಸದೊಂದನ್ನು ಇಟ್ಟು ತೋರಿಸಿದರೆ ಉದ್ದದ ವ್ಯತ್ಯಾಸ ಮಗುವಿಗೂ ಕಾಣುತ್ತದೆ. ಪಂಪಾದರೆ ಅವರ ಎದುರೇ ಮೆಗ್ಗರ್ ಹಿಡಿದು, ಮುಳ್ಳು ಎಲ್ಲಿ ನಿಂತಿದೆ, ಎಲ್ಲಿ ನಿಂತರೆ ಅಪಾಯ ಎಂದು ವಿವರಿಸಿ, ಆ ಅಂಕಿಯನ್ನು ಬಿಲ್ಲಿನಲ್ಲಿಯೂ ಬರೆಯಿರಿ. ಬೆಂಡೆಕಾಯಿಯ ತುದಿ ಮುರಿದು ನೋಡುವ ಅವಕಾಶವನ್ನು ರಿಪೇರಿಯಲ್ಲಿ ಒದಗಿಸಬಹುದಾದ ದಾರಿ ಇದೊಂದೇ.

ಕುಶಾಲಿಗೆ ತಕ್ಕ ಸಮಯವೂ ಇದುವೇ. ಸಾಮಾನು ಓಡುತ್ತಿದೆ, ಲೆಕ್ಕ ಮುಗಿದಿದೆ, ಯಾರ ಮನಸ್ಸಿನಲ್ಲಿಯೂ ಆತಂಕವಿಲ್ಲ. ಫ್ಯಾನಿನಿಂದ ಕಳಚಿದ 6202 ನಂಬರಿನ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಬೆರಳಿಗೆ ಸಿಕ್ಕಿಸಿ ತಿರುಗಿಸಿ, ಜೊತೆಗೆ ಬಂದ ಶಾಲೆಯ ಮಕ್ಕಳ ಕೈಗೆ ಕೊಟ್ಟರೆ ಅವರ ಮುಖ ಅರಳುವುದನ್ನು ನೋಡಬೇಕು. ಹೊರ ಅಳತೆ 35 ಮಿಲಿಮೀಟರ್ ಇರುವುದರಿಂದ ನುಂಗುವ ಭಯವಿಲ್ಲ. ಕೊಡುವ ಮೊದಲು ಅಪ್ಪನನ್ನೋ ಅಮ್ಮನನ್ನೋ ಕೇಳಿ, ಅದು ಅವರದೇ ವಸ್ತು.

ಹಂತ 6: ಬಿಲ್ಲು ಮತ್ತು ಕಾನೂನು

ಬಿಲ್ಲು ಕೊಡುವುದು ಉಪಕಾರವಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಬಿಲ್ಲು ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಎಣಿಸುತ್ತದೆ. ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು ಸೇವಾ ನ್ಯೂನತೆಯ ವ್ಯಾಖ್ಯೆಯೊಳಗೆ ಬರುತ್ತದೆ. ಗಿರಾಕಿಗಳು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು. ಹಾಗಾಗಿ ಗಡಿಯಲ್ಲಿರುವ ತಲಪಾಡಿಯ ಆಚೆಯಿಂದಲೋ ಕರ್ನಾಟಕದ ವಿಟ್ಲದಿಂದಲೋ ಬಂದವರ ವಿಷಯದಲ್ಲಿ ರಾಜ್ಯದ ಗಡಿ ನಿಮಗೆ ರಕ್ಷಣೆಯಲ್ಲ. ಜಿಎಸ್‌ಟಿ ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ತೆರಿಗೆ ಸೇರಿಸಿ ವಸೂಲು ಮಾಡುವಂತಿಲ್ಲ. ಕೆಲಸಕ್ಕೆ ಎಷ್ಟು ದಿನದ ಗ್ಯಾರಂಟಿ, ಯಾವುದಕ್ಕೆ ಇಲ್ಲ (ಸಿಡಿಲು ಮತ್ತು ವೋಲ್ಟೇಜ್ ಏರುಪೇರಿನ ಹಾನಿ ಎಂದಿರಲಿ) ಎಂಬುದು ಬಿಲ್ಲಿನ ಮೇಲೆಯೇ ಇರಬೇಕು.

ಹಂತ 7: ಮೊಬೈಲ್ ಮತ್ತು ವೀಡಿಯೊ

ಗಿರಾಕಿಗಳು ಬೆಚ್ಚುವುದನ್ನು ಚಿತ್ರೀಕರಿಸಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೋ ರೀಲ್ಸ್‌ಗೋ ಹಾಕುವ ಚಟ ಈಗ ಹೆಚ್ಚುತ್ತಿದೆ. ಒಪ್ಪಿಗೆಯಿಲ್ಲದೆ ಬೇಡವೇ ಬೇಡ, ಮತ್ತು ಕ್ಯಾಮೆರಾ ಎದುರಿಟ್ಟುಕೊಂಡು ಕೇಳಿದ ಒಪ್ಪಿಗೆಯನ್ನು ಒಪ್ಪಿಗೆಯೆಂದು ತಿಳಿಯಬೇಡಿ. ರಿಪೇರಿಗೆ ಬಂದ ಮೊಬೈಲಿನ ಚಿತ್ರಗಳನ್ನು ತೆರೆದು ನೋಡುವುದು, ಗಿರಾಕಿಯ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡುವುದು ಇವೆಲ್ಲ ಕೆಲಸದಿಂದ ತೆಗೆಯಬಹುದಾದ ತಪ್ಪುಗಳೆಂದು ಸೇರುವ ದಿನವೇ ಹುಡುಗರಿಗೆ ತಿಳಿಸಿ. ನಂಬಿಕೆಯ ಮೇಲೆ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಹೊರಗೆಡವುವುದನ್ನೂ ಮೇಲೆ ಹೇಳಿದ ಕಾಯಿದೆ ಅನುಚಿತ ಪದ್ಧತಿಯಾಗಿ ಕಾಣುತ್ತದೆ.

ಹಂತ 8: ತಮಾಷೆ ಮುಗ್ಗರಿಸಿದಾಗ

ಎಷ್ಟು ಎಚ್ಚರ ವಹಿಸಿದರೂ ಒಂದಲ್ಲ ಒಂದು ದಿನ ಯಾರದೋ ಮನಸ್ಸಿಗೆ ನೋವಾಗುತ್ತದೆ. ಅಂದೇ, ಅಂಗಡಿಯ ಯಜಮಾನರೇ, ಸಾಧ್ಯವಾದರೆ ಮನೆಗೆ ಹೋಗಿ ಮಾತನಾಡಬೇಕು. "ತಮಾಷೆಗೆ ಹೇಳಿದ್ದು, ತಪ್ಪು ತಿಳಿಯಬೇಡಿ" ಎಂದು ಆರಂಭಿಸಿದರೆ ತಪ್ಪನ್ನು ಅವರ ತಿಳಿವಳಿಕೆಯ ಮೇಲೆ ಹೊರಿಸಿದಂತೆ. "ಅಣ್ಣಾ, ನಮ್ಮ ಹುಡುಗ ಹಾಗೆ ಹೇಳಬಾರದಿತ್ತು, ತಪ್ಪು ನಮ್ಮದು" ಎಂದರೆ ಸಾಕು. ಆ ಮಾತನ್ನು ನಂಬಿ ಅವರು ಜೀಪು ಬಾಡಿಗೆ ಮಾಡಿಕೊಂಡು ಬಂದಿದ್ದರೆ, ಬೇರೆ ಪಂಪು ಬಾಡಿಗೆಗೆ ತಂದಿದ್ದರೆ, ಆ ಖರ್ಚನ್ನು ಕೇಳುವ ಮೊದಲೇ ಕೊಡಿ. ಹುಡುಗನೂ ಕ್ಷಮೆ ಕೇಳಲಿ, ಆದರೆ ಹತ್ತು ಜನರ ಮುಂದೆ ಅವನನ್ನು ನಿಲ್ಲಿಸಿ ಬೈಯಬೇಡಿ. ಅವಮಾನಕ್ಕೊಳಗಾದವನು ಮುಂದಿನ ಸಲ ತಪ್ಪಾದಾಗ ಹೇಳದೆ ಮುಚ್ಚಿಡುತ್ತಾನೆ, ಬೋರ್ಡು ಸುಟ್ಟ ವಿಷಯ ಗಿರಾಕಿಯಿಂದಲೇ ನಿಮಗೆ ತಿಳಿಯುವಂತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಅವರು ಸಾಮಾನನ್ನು ಬೇರೆ ಅಂಗಡಿಗೆ ಒಯ್ಯುತ್ತೇನೆ ಎಂದರೆ ತಡೆಯಬೇಡಿ. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಲಕೋಟೆಯಲ್ಲಿ ಹಾಕಿ, ಎಲ್ಲಿಯವರೆಗೆ ಕೆಲಸವಾಗಿದೆ, ನಿಮಗೆ ಕಂಡ ದೋಷ ಯಾವುದು ಎಂಬುದನ್ನು ಮುಂದಿನ ಮೆಕ್ಯಾನಿಕ್‌ಗೆ ಅರ್ಥವಾಗುವಂತೆ ಜಾಬ್ ಕಾರ್ಡಿನಲ್ಲಿ ಬರೆದು, ತಪಾಸಣೆಯ ಹಣ ಪಡೆಯದೆ ಅವರ ವಾಹನದವರೆಗೆ ಎತ್ತಿಕೊಂಡು ಹೋಗಿ ಇಟ್ಟುಬನ್ನಿ.